ದೂರದ ದಾರಿಯ ಬಂಡಿ: ಹೇರಬೇಕಾದುದೇನು, ಇಳಿಸಬೇಕಾದುದೇನು?

ಪ್ರಯಾಣಕ್ಕೆ ಹೊರಡುವ ಮನೆಯಲ್ಲಿ ಗಂಟು ಕಟ್ಟುವುದು ಎಲ್ಲರಿಗೂ ಉತ್ಸಾಹದ ಕೆಲಸ. ಕಟ್ಟಿದ ಗಂಟನ್ನು ಮತ್ತೆ ಬಿಚ್ಚಿ, ಇದು ಬೇಡ, ಅದು ಬೇಡ ಎಂದು ತೆಗೆದಿಡುವುದು ಮಾತ್ರ ಯಾರಿಗೂ ಒಲ್ಲದ ಕೆಲಸ. ಆದರೆ ದಾರಿಯ ಸುಖದುಃಖಗಳು ಬಹುಮಟ್ಟಿಗೆ ಈ ಎರಡನೆಯ ಕೆಲಸವನ್ನೇ ಅವಲಂಬಿಸಿರುವುವು.

ಇತ್ತೀಚಿನ ವರ್ಷಗಳಲ್ಲಿ ನಮ್ಮ ಗೃಹಸ್ಥರಲ್ಲಿ ಅನೇಕರು ಜೀಪಿನ ಜಾತಿಯ ಗಾಡಿಗಳನ್ನು ಕೊಂಡು, ಮಡದಿ ಮಕ್ಕಳೊಡನೆ ಲಡಾಖಿಗೂ, ಸ್ಪಿತಿಯ ಕಣಿವೆಗೂ, ಕಚ್ಛದ ರಣಕ್ಕೂ, ರಾಜಸ್ಥಾನದ ಮರಳುಗಾಡಿಗೂ ಹೊರಡುತ್ತಿರುವರು. ದೇಶವನ್ನು ನೆಲದ ಮೇಲಿನಿಂದಲೇ ನೋಡಬೇಕೆಂಬ ಈ ಹಂಬಲ ಮೆಚ್ಚತಕ್ಕದ್ದೇ. ಆದರೆ ಗಾಡಿಯು ಮನೆಗೆ ಬಂದ ತಿಂಗಳೊಳಗೇ ಅದರ ನೆತ್ತಿಗೊಂದು ಡೇರೆ, ಮೂತಿಗೊಂದು ಕಬ್ಬಿಣದ ಕಟಕಟೆ, ಹಣೆಗೆ ಸಾಲುದೀಪ, ಬೆನ್ನಿಗೆ ಪೆಟ್ರೋಲಿನ ಡಬ್ಬಿ ಇವೆಲ್ಲ ಬಂದು ಕೂಡುವುವು. ಗಾಡಿಯ ಬೆಲೆಯ ಕಾಲುಭಾಗದಷ್ಟು ಹಣವು ಇವುಗಳಿಗೆ ಹೋದರೂ ಹೋದೀತು. ಹೀಗೆ ಸಿಂಗರಿಸಿದ ಬಂಡಿಯು ದೂರದ ದಾರಿಗೆ ಮೊದಲಿಗಿಂತ ಯೋಗ್ಯವಾಯಿತೇ, ಅಯೋಗ್ಯವಾಯಿತೇ ಎಂಬುದನ್ನು ಈ ತಿಂಗಳು ವಿಚಾರ ಮಾಡುವೆವು.

ನಮ್ಮ ಹಿರಿಯರು ಎತ್ತಿನ ಗಾಡಿಯಲ್ಲಿ ಜಾತ್ರೆಗೋ ತವರಿಗೋ ಹೊರಡುವಾಗ ಮಾಡುತ್ತಿದ್ದ ಸಿದ್ಧತೆಯನ್ನು ನೆನೆದರೆ ಈ ವಿಷಯದ ಅರ್ಧಭಾಗ ತಿಳಿದಂತೆಯೇ. ಅಚ್ಚಿಗೆ ಕೀಲೆಣ್ಣೆ ಹಚ್ಚಿದೆಯೇ, ಕಡಾಣಿ ಭದ್ರವಾಗಿದೆಯೇ, ಚಕ್ರದ ಹಳಿ ಸಡಿಲವಾಗಿಲ್ಲವಷ್ಟೆ, ಎತ್ತುಗಳ ಕಾಲಿಗೆ ಲಾಳ ಹೊಡೆಸಿದೆಯೇ ಎಂಬುದು ಮೊದಲ ಪ್ರಶ್ನೆ. ಬುತ್ತಿ, ನೀರು, ಹುಲ್ಲು, ಹಗ್ಗ, ಲಾಂದ್ರ ಆಮೇಲಿನವು. ಎತ್ತಿನ ಕೊರಳಿನ ಗೆಜ್ಜೆ, ಕೋಡಿನ ಕುಚ್ಚು ಎಲ್ಲಕ್ಕಿಂತ ಕಡೆಯವು. ಈಗಿನ ಮೋಟಾರು ಬಂಡಿಗೂ ಕ್ರಮವು ಇದೇ. ಕುಚ್ಚಿನಿಂದ ಆರಂಭಿಸಿ ಕಡಾಣಿಯನ್ನು ಮರೆಯುವುದರಿಂದಲೇ ಅನರ್ಥಗಳಾಗುವುವು.

ಮೋಟಾರು ಬಂಡಿಯನ್ನು ದಾರಿಯಿಲ್ಲದ ನೆಲಕ್ಕೆ ಹೊಂದಿಸುವ ವಿದ್ಯೆಯನ್ನು ಲೋಕಕ್ಕೆ ಚೆನ್ನಾಗಿ ತೋರಿಸಿಕೊಟ್ಟವರಲ್ಲಿ ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಆಂಗ್ಲ ಸೇನಾಧಿಕಾರಿಯು ಮುಖ್ಯನು. ಆತನೂ ಆತನ ಗೆಳೆಯರೂ ೧೯೨೯ ಮತ್ತು ೧೯೩೦ರಲ್ಲಿ ರಜೆಯ ದಿನಗಳಲ್ಲಿ, ತಮ್ಮ ಸ್ವಂತ ಖರ್ಚಿನಲ್ಲಿ, ಫೋರ್ಡ್ ಕಂಪನಿಯ ಸಾಧಾರಣ ಗಾಡಿಗಳಲ್ಲಿ ಈಜಿಪ್ಟಿನ ಪಶ್ಚಿಮಕ್ಕಿರುವ ಮಹಾ ಮರಳುಸಾಗರವನ್ನು ಹೊಕ್ಕರು. ಮೋಟಾರು ಬಂಡಿಯು ಅಲ್ಲಿ ನಡೆಯಲಾರದೆಂದು ಜನರು ನಂಬಿದ್ದ ಕಾಲವದು. ಆ ಗಾಡಿಗಳಲ್ಲಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಎಂಜಿನ್ನಿನ ಬಲವು ಹರಿಯುತ್ತಿದ್ದಿತೆಂಬುದನ್ನು ವಾಚಕರು ಗಮನಿಸಬೇಕು.

ಬ್ಯಾಗ್ನಾಲ್ಡನು ಮಾಡಿದ ಮೊದಲ ಮಾರ್ಪಾಟು ಏನನ್ನೂ ಜೋಡಿಸಿದುದಲ್ಲ, ಕಳಚಿದುದು. ಗಾಡಿಯ ಮೈಯನ್ನು ತೆಗೆದುಹಾಕಿ ಹಗುರವಾದ ಮರದ ಪೆಟ್ಟಿಗೆಯನ್ನು ಕೂರಿಸಿದನು. ಹೀಗೆ ಉಳಿದ ತೂಕವು ನೀರಿಗೂ ಪೆಟ್ರೋಲಿಗೂ ದೊರೆಯಿತು. ಎರಡನೆಯದು ನೀರಿನ ಉಳಿತಾಯ. ಮರಳಿನಲ್ಲಿ ದುಡಿಯುವ ಎಂಜಿನ್ನು ಕುದಿದು, ರೇಡಿಯೇಟರಿನ ನೀರು ಹಬೆಯಾಗಿ ಹಾರಿಹೋಗುವುದು. ಅಲ್ಲಿ ಹೋದ ನೀರೆಂದರೆ ಹೋದ ಪ್ರಾಣ. ಆದ್ದರಿಂದ ಹಬೆಯ ದಾರಿಯನ್ನು ಮುಚ್ಚಿ, ಒಂದು ಕೊಳವೆಯ ಮೂಲಕ ಅದನ್ನು ಗಾಡಿಯ ಪಕ್ಕದಲ್ಲಿ ಬಿಗಿದ ನೀರಿನ ಡಬ್ಬಿಗೆ ಬಿಟ್ಟರು. ಹಬೆಯು ಅಲ್ಲಿ ತಣ್ಣಗಾಗಿ ನೀರಾಗುವುದು. ಡಬ್ಬಿಯೂ ಕುದಿಯತೊಡಗಿದರೆ ಗಾಡಿಯನ್ನು ಗಾಳಿಗೆ ಮುಖಮಾಡಿ ನಿಲ್ಲಿಸುವರು. ಎಂಜಿನ್ನು ಆರಿದಂತೆ ಡಬ್ಬಿಯ ನೀರನ್ನು ರೇಡಿಯೇಟರು ತಾನೇ ಹಿಂದಕ್ಕೆ ಹೀರಿಕೊಳ್ಳುವುದು. ಮೊದಲ ಮಹಾಯುದ್ಧದ ಕಾಲದಿಂದಲೂ ಬಳಕೆಯಲ್ಲಿದ್ದ ಈ ಉಪಾಯವನ್ನು ಆತನು ಮತ್ತಷ್ಟು ಹದಗೊಳಿಸಿದನು.

ಮೂರನೆಯದು ಹೂತ ಚಕ್ರವನ್ನು ಎತ್ತುವ ಉಪಾಯ. ಯುದ್ಧಕಾಲದಲ್ಲಿ ಕಂದಕಗಳ ಮೇಲ್ಮುಚ್ಚಿಗೆಗೆಂದು ಮಾಡಿದ್ದ ಉಕ್ಕಿನ ದೋಣಿಪಟ್ಟಿಗಳು ಕೈರೋ ಪಟ್ಟಣದ ಹಳೆಯ ಸಾಮಾನಿನ ಅಂಗಡಿಯಲ್ಲಿ ದೊರೆತುವು. ಅವನ್ನು ಚಕ್ರದ ಮುಂದೆ ಮರಳಿನಲ್ಲಿ ಇಟ್ಟರೆ ಗಾಡಿಯು ಹತ್ತಿ ಮುಂದೆ ಬರುವುದು. ಈಗ ಅಂಗಡಿಗಳಲ್ಲಿ ಬಣ್ಣಬಣ್ಣದ ಹಲಗೆಗಳಾಗಿ ಮಾರಾಟವಾಗುವ ಸಾಧನವು ಇದರ ಮೊಮ್ಮಗುವೇ. ನಾಲ್ಕನೆಯದು ದಿಕ್ಕನ್ನು ತಿಳಿಯುವ ಬಗೆ. ಗಾಡಿಯ ಉಕ್ಕಿನ ನಡುವೆ ಸೂಜಿಗಲ್ಲಿನ ದಿಕ್ಸೂಚಿಯು ದಾರಿ ತಪ್ಪಿಸುವುದರಿಂದ, ಅಂಶಗಳನ್ನು ಗುರುತುಮಾಡಿದ ತಟ್ಟೆಯ ನಡುವೆ ಒಂದು ಕಡ್ಡಿಯನ್ನು ನಿಲ್ಲಿಸಿ, ಸೂರ್ಯನ ನೆರಳಿನಿಂದ ದಿಕ್ಕನ್ನು ಕಾಣುತ್ತಿದ್ದರು.

೧೯೪೦ರಲ್ಲಿ ಎರಡನೆಯ ಮಹಾಯುದ್ಧವು ಈಜಿಪ್ಟಿನ ಬಾಗಿಲಿಗೆ ಬಂದಾಗ, ಇದೇ ಅನುಭವದ ಬಲದಿಂದ ಬ್ಯಾಗ್ನಾಲ್ಡನು ಮರುಭೂಮಿಯಲ್ಲಿ ದೂರ ಸಂಚರಿಸುವ ದಳವೊಂದನ್ನು ಕಟ್ಟಿದನು. ಅದರ ಮೊದಲ ಯೋಧರು ನ್ಯೂಜಿಲೆಂಡಿನವರು; ಅವರಲ್ಲಿ ಅನೇಕರು ಯಂತ್ರಗಳನ್ನು ತಾವೇ ರಿಪೇರಿ ಮಾಡಬಲ್ಲ ಒಕ್ಕಲು ಮಕ್ಕಳು. ಅವರ ಶೆವರ್ಲೆ ಲಾರಿಗಳ ಬಾಗಿಲುಗಳನ್ನೂ ಗಾಜನ್ನೂ ಮಾಡನ್ನೂ ತೆಗೆದು, ಸ್ಪ್ರಿಂಗು ಪಟ್ಟಿಗಳನ್ನು ಬಲಪಡಿಸಿದರು. ಮರುವರ್ಷ ನಾಲ್ಕು ಚಕ್ರಗಳಿಗೂ ಬಲ ಹರಿಯುವ ಫೋರ್ಡ್ ಲಾರಿಗಳು ಬಂದುವು. ಅವು ಭಾರವಾಗಿ ಪೆಟ್ರೋಲನ್ನು ಹೆಚ್ಚಾಗಿ ಕುಡಿಯುತ್ತಿದ್ದುದರಿಂದ, ೧೯೪೨ರಲ್ಲಿ ಎರಡು ಚಕ್ರಗಳ ಬಲದ ಶೆವರ್ಲೆ ಲಾರಿಗಳನ್ನೇ ಮತ್ತೆ ತರಿಸಿಕೊಂಡರು. ನಾಲ್ಕು ಚಕ್ರಗಳ ಬಲವು ಒಳ್ಳೆಯದೇ. ಆದರೆ ಅದು ಸರ್ವರೋಗ ನಿವಾರಿಣಿಯಲ್ಲವೆಂದು ಇದರಿಂದ ತಿಳಿಯಬೇಕು. ಬುದ್ಧಿಯಿಲ್ಲದೆ ನಡೆಸಿದರೆ ಅಂತಹ ಗಾಡಿಯು ಇನ್ನೂ ಒಂದು ಮೈಲಿ ಒಳಗೆ ಹೋಗಿ ಹೂತುಕೊಳ್ಳುವುದು, ಅಷ್ಟೇ ವ್ಯತ್ಯಾಸ.

ಯುದ್ಧವು ಮುಗಿದ ಬಳಿಕ ಇಂತಹ ಗಾಡಿಗಳು ಜನಸಾಮಾನ್ಯರ ಕೈಗೆ ಬಂದುವು. ನಮ್ಮ ದೇಶದಲ್ಲಿ ೧೯೪೭ರಲ್ಲಿ ಮಹೀಂದ್ರ ಕಂಪನಿಯವರು ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. ೧೯೫೫ರ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಆರು ಮಂದಿ ವಿದ್ಯಾರ್ಥಿಗಳು ಎರಡು ಲ್ಯಾಂಡ್ ರೋವರ್ ಗಾಡಿಗಳಲ್ಲಿ ಲಂಡನ್ನಿನಿಂದ ಹೊರಟು, ಭಾರತವನ್ನೂ ಬರ್ಮಾವನ್ನೂ ಹಾದು, ೧೯೫೬ರ ಮಾರ್ಚಿನಲ್ಲಿ ಸಿಂಗಪುರವನ್ನು ಮುಟ್ಟಿದರು. ನಮ್ಮ ಮಲೆನಾಡಿನಲ್ಲಿಯೂ ಈ ವಿದ್ಯೆ ಹೊಸದಲ್ಲ. ಕೊಡಗು, ಚಿಕ್ಕಮಗಳೂರುಗಳ ಕಾಫಿತೋಟದ ಜೀಪಿನವರು ಮಳೆಗಾಲದ ಕೆಸರಿನಲ್ಲಿ ಚಕ್ರಗಳಿಗೆ ಸರಪಳಿ ಸುತ್ತಿ ಗಾಡಿ ನಡೆಸುವುದನ್ನು ನೋಡಿದವರು, ಥಳಥಳಿಸುವ ಸಾಧನಗಳಿಗಿಂತ ಪಳಗಿದ ಕೈಯೇ ದೊಡ್ಡದೆಂದು ಒಪ್ಪುವರು.

ಇನ್ನು ನಮ್ಮ ಗೃಹಸ್ಥರ ಗಾಡಿಗೆ ಬರುವೆವು. ಪ್ರತಿಯೊಂದು ಗಾಡಿಯೂ ಜನ, ಸಾಮಾನು ಸೇರಿ ಎಷ್ಟು ಭಾರವನ್ನು ಹೊರಬಹುದೆಂಬ ಮಿತಿಯನ್ನು ತಯಾರಕರು ಗೊತ್ತುಮಾಡಿರುವರು. ಒಂದು ಗಾಡಿಯ ಮಿತಿ ೪೫೦ ಕಿಲೋ ಎಂದು ಇಟ್ಟುಕೊಳ್ಳೋಣ. ತಲೆಗೆ ೬೫ ಕಿಲೋದಂತೆ ನಾಲ್ವರಿಗೆ ೨೬೦ ಕಿಲೋ ಆಯಿತು. ನೆತ್ತಿಯ ಮೇಲಿನ ಡೇರೆಗೆ ೬೦, ಅದನ್ನು ಹೊರುವ ಕಬ್ಬಿಣದ ಚೌಕಟ್ಟಿಗೆ ೩೦, ಉಕ್ಕಿನ ಬಂಪರು ಮತ್ತು ಎಳೆಯುವ ವಿಂಚು ಯಂತ್ರಕ್ಕೆ ೮೦, ನಲವತ್ತು ಲೀಟರು ನೀರಿಗೆ ೪೦, ತುಂಬಿದ ಪೆಟ್ರೋಲು ಡಬ್ಬಿಗೆ ೨೦, ಇನ್ನೊಂದು ಹೆಚ್ಚಿನ ಚಕ್ರಕ್ಕೆ ೩೦. ಇವು ಮತ್ತೊಂದು ೨೬೦ ಕಿಲೋ. ಒಟ್ಟು ೫೨೦! ಹಾಸಿಗೆ, ಬಟ್ಟೆ, ಅಡಿಗೆಯ ಸಾಮಾನು ಇನ್ನೂ ಅಂಗಳದಲ್ಲಿಯೇ ಇರುವುವು. ಮಿತಿಯು ಆಗಲೇ ೭೦ ಕಿಲೋ ಮೀರಿತು. ಈ ಹೆಚ್ಚಿನ ಭಾರವನ್ನು ಹೊರುವುದು ಸ್ಪ್ರಿಂಗು, ತಡೆಯುವುದು ಬ್ರೇಕು. ಬೆಟ್ಟದ ಇಳಿಜಾರಿನಲ್ಲಿ ಬ್ರೇಕು ಕಾದು ಹಿಡಿಯದೆ ಹೋದಾಗ ಅಲಂಕಾರದ ದೀಪಗಳು ಯಾರನ್ನೂ ಕಾಪಾಡಲಾರವು.

ಭಾರವು ಎಷ್ಟೆಂಬುದರಷ್ಟೇ ಅದು ಎಲ್ಲಿದೆಯೆಂಬುದೂ ಮುಖ್ಯ. ತಲೆಯ ಮೇಲೆ ಕೊಡ ಹೊತ್ತವಳು ಓಡಲಾರಳು. ಸೊಂಟದಲ್ಲಿಟ್ಟುಕೊಂಡವಳು ಓರೆದಾರಿಯಲ್ಲಿಯೂ ನಡೆದಾಳು. ಮಾಡಿನ ಮೇಲೆ ಹೇರಿದ ಗಾಡಿಯು ಓರೆಯಾದ ನೆಲದಲ್ಲಿ ಬೇಗನೆ ಮಗುಚುವುದು. ಆದಕಾರಣ ನೀರು, ಉಪಕರಣ ಮೊದಲಾದ ಭಾರವಾದ ವಸ್ತುಗಳನ್ನು ಗಾಡಿಯ ಒಳಗೆ, ತಳಕ್ಕೆ ಹತ್ತಿ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಇಟ್ಟು, ಪಟ್ಟಿಗಳಿಂದ ಬಿಗಿಯತಕ್ಕದ್ದು. ಬಿಗಿಯದ ಪೆಟ್ಟಿಗೆಯು ಗಾಡಿಯು ತಟ್ಟನೆ ನಿಂತಾಗ ಮುಂದೆ ಕುಳಿತವರ ಕತ್ತಿನ ಮೇಲೆ ಬೀಳುವುದು.

ಹಣವನ್ನು ಮೊದಲು ಎಲ್ಲಿ ವ್ಯಯಮಾಡಬೇಕೆಂದು ಕೇಳಿದರೆ, ಟೈರಿಗೆ ಎಂದು ನಿಸ್ಸಂದೇಹವಾಗಿ ಹೇಳುವೆವು. ಗಾಡಿಯು ನೆಲವನ್ನು ಮುಟ್ಟುವುದು ಅದೊಂದರಿಂದಲೇ. ತಯಾರಕರು ಹೇಳಿದ ಅಳತೆಯಲ್ಲಿಯೇ, ಕಲ್ಲುದಾರಿಯನ್ನು ತಾಳುವ ಗಟ್ಟಿ ಪಕ್ಕೆಯ ಟೈರುಗಳನ್ನು ಹಾಕಿಸುವುದು ಲೇಸು. ಅಳತೆಯನ್ನು ನೂರಕ್ಕೆ ಹತ್ತು ಹೆಚ್ಚಿಸಿದರೆ, ವೇಗಮಾಪಕವು ೬೦ ತೋರಿಸುವಾಗ ಗಾಡಿಯು ವಾಸ್ತವವಾಗಿ ೬೬ರಲ್ಲಿ ಓಡುತ್ತಿರುವುದು. ಎಂಜಿನ್ನಿಗೂ ಬ್ರೇಕಿಗೂ ದುಡಿಮೆ ಹೆಚ್ಚುವುದು. ಅದರ ಮೇಲೆ ಬೇಕಾದುವು ಗಾಳಿಯ ಒತ್ತಡ ನೋಡುವ ಸಣ್ಣ ಮಾಪಕ ಮತ್ತು ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪು. ರಸ್ತೆಯಲ್ಲಿ ೩೦ ಪೌಂಡು ಗಾಳಿಯಿರುವ ಟೈರನ್ನು ಮರಳಿಗೆ ಇಳಿಯುವ ಮುನ್ನ ೧೮ಕ್ಕೋ ೨೦ಕ್ಕೋ ಇಳಿಸಿದರೆ, ಟೈರು ಚಪ್ಪಟೆಯಾಗಿ ಒಂಟೆಯ ಪಾದದಂತೆ ಹರಡಿಕೊಂಡು ಹೂಳದೆ ನಡೆಯುವುದು. ಗಟ್ಟಿರಸ್ತೆಗೆ ಬಂದೊಡನೆಯೇ ಮರಳಿ ತುಂಬಲು ಮರೆಯಬಾರದು. ಗಾಳಿಯಿಳಿದ ಟೈರು ವೇಗದಲ್ಲಿ ಕಾದು ಸಿಡಿಯುವುದು. ಸಾವಿರಾರು ರೂಪಾಯಿನ ಸಾಧನಗಳು ಮಾಡದ ಕೆಲಸವನ್ನು ಈ ಒಂದು ಅಭ್ಯಾಸವು ಮಾಡುವುದು.

ಎರಡನೆಯದಾಗಿ, ಹೂತ ಗಾಡಿಯನ್ನು ಎಳೆಯುವ ಸಾಮಗ್ರಿ. ಒಳ್ಳೆಯ ಪಟ್ಟಿಹಗ್ಗ, ಅದನ್ನು ಸಿಕ್ಕಿಸಲು ಗಾಡಿಯ ಚೌಕಟ್ಟಿಗೇ ಭದ್ರವಾಗಿ ಸೇರಿದ ಕೊಕ್ಕೆ, ಒಂದು ಸಲಿಕೆ, ಎರಡು ಮರಳುಹಲಗೆ, ಜಾಕಿನ ಕೆಳಗಿಡಲು ಅಗಲವಾದ ಮರದ ತುಂಡು. ಇಷ್ಟಿದ್ದರೆ ಕುಟುಂಬದ ಪ್ರಯಾಣಕ್ಕೆ ಬಹುಮಟ್ಟಿಗೆ ಸಾಕು. ಹಿಂದೆ ಬಂಡಿ ತಗುಲಿಸುವ ಗುಂಡಿಗೆ ಮಾತ್ರ ಹಗ್ಗವನ್ನು ಸರ್ವಥಾ ಕಟ್ಟಕೂಡದು. ಅದು ಕಿತ್ತುಬಂದರೆ ಗುಂಡಿನಂತೆಯೇ ಹಾರಿ ಕೊಲ್ಲುವುದು. ಎಳೆಯುವಾಗ ಹಗ್ಗದ ನಡುವೆ ಒಂದು ಕಂಬಳಿಯನ್ನು ಹೊದಿಸಬೇಕು. ಮಕ್ಕಳೂ ನೋಡುವವರೂ ಹಗ್ಗದ ಉದ್ದದ ಒಂದೂವರೆಯಷ್ಟಾದರೂ ದೂರ ನಿಲ್ಲಬೇಕು.

ಕಾನೂನಿನ ಮಾತನ್ನು ಇಲ್ಲಿ ಹೇಳದೆ ಇರಲಾಗದು. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮಿನಂತೆ, ನೋಂದಣಿಯ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಗಾಡಿಯ ಮುಂದೆ ಕಟ್ಟುವ ಕಬ್ಬಿಣದ ಕಟಕಟೆಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸರ್ಕಾರವು ೨೦೧೭ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆಯಿತು. ಕಾರಣವೇನೆಂದರೆ, ಅವು ಗುದ್ದಿದ ಪಾದಚಾರಿಯ ಎಲುಬನ್ನು ಮುರಿಯುವುದಲ್ಲದೆ, ಒಳಗಿನವರನ್ನು ಕಾಯುವ ಗಾಳಿಚೀಲಗಳು ಸಕಾಲಕ್ಕೆ ಬಿಚ್ಚಿಕೊಳ್ಳದಂತೆಯೂ ಮಾಡಬಹುದು. ಅಂಗಡಿಯವನು ಮಾರುವನೆಂದ ಮಾತ್ರಕ್ಕೆ ಅದು ಕಾನೂನಿಗೆ ಸಮ್ಮತವೆಂದು ತಿಳಿಯಲಾಗದು. ಅಪಘಾತವಾದ ದಿನ, ಗಾಡಿಯನ್ನು ಬದಲಿಸಿದ್ದೀರೆಂಬ ಕಾರಣ ಹೇಳಿ ವಿಮೆಯವರು ಕೈತೊಳೆದುಕೊಂಡರೆ, ಮನೆಯ ಯಜಮಾನನ ಸಾಲದ ಕಂತುಗಳನ್ನು ಕಟ್ಟುವವರು ಯಾರು? ಆದ್ದರಿಂದ ಯಾವ ದೊಡ್ಡ ಬದಲಾವಣೆಗೂ ಮುನ್ನ ಸಾರಿಗೆ ಕಚೇರಿಯನ್ನೂ ವಿಮೆಯವರನ್ನೂ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯುವುದು ಜಾಣತನ.

ಬೆಟ್ಟದ ಮೇಲಿನ ಪ್ರಯಾಣಕ್ಕೆ ಬೇರೆ ಕೆಲವು ವಿಚಾರಗಳುಂಟು. ಮನಾಲಿಯಿಂದ ಲೇಹಕ್ಕೆ ಹೋಗುವ ದಾರಿಯು ತಂಗಲಂಗ ಲಾ ಕಣಿವೆದಾರಿಯಲ್ಲಿ ಸಮುದ್ರಮಟ್ಟಕ್ಕಿಂತ ೫,೩೦೦ ಮೀಟರುಗಳಷ್ಟು ಎತ್ತರಕ್ಕೇರುವುದು. ೫,೦೦೦ ಮೀಟರು ಎತ್ತರದಲ್ಲಿ ಗಾಳಿಯ ಒತ್ತಡವು ಸಮುದ್ರತೀರದಲ್ಲಿರುವುದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ಆದಕಾರಣ ಟರ್ಬೊ ಇಲ್ಲದ ಎಂಜಿನ್ನಿನ ಬಲವು ಪ್ರತಿ ೧,೦೦೦ ಮೀಟರಿಗೆ ಸುಮಾರು ನೂರಕ್ಕೆ ಹತ್ತರಂತೆ ಕುಂದುವುದು. ಹೆಚ್ಚಿನ ಭಾರವನ್ನು ಹೇರಿದವರು ತಮ್ಮ ತಪ್ಪನ್ನು ಅಲ್ಲಿ ತಿಳಿಯುವರು.

ಗೃಹಿಣಿಯರಿಗೆ ಇದರ ಇನ್ನೊಂದು ಮುಖ ಕಾಣುವುದು. ದಾರಿಯಲ್ಲಿ ತಂಗುವ ಸರ್ಚು ಎಂಬಲ್ಲಿ, ಸುಮಾರು ೪,೩೦೦ ಮೀಟರು ಎತ್ತರದಲ್ಲಿ, ನೀರು ೮೬ ಡಿಗ್ರಿಗೇ ಕುದಿದುಬಿಡುವುದು. ತೆರೆದ ಪಾತ್ರೆಯಲ್ಲಿ ಎಷ್ಟು ಹೊತ್ತು ಬೇಯಿಸಿದರೂ ಬೇಳೆಯು ಬೇಳೆಯಾಗಿಯೇ ಉಳಿಯುವುದು. ಅಲ್ಲಿ ಪ್ರೆಶರ್ ಕುಕ್ಕರು ಭೋಗದ ವಸ್ತುವಲ್ಲ, ಅಗತ್ಯದ ವಸ್ತು. ಅದರೊಳಗೆ ಬಿಸಿಯು ೧೧೦ ಡಿಗ್ರಿಯನ್ನು ಮೀರುವುದರಿಂದ ಅನ್ನವೂ ಬೇಳೆಯೂ ಬೇಯುವುವು. ಸಣ್ಣ ಕುಕ್ಕರೊಂದನ್ನು ಒಯ್ದು, ಉಳಿದ ಪಾತ್ರೆಗಳಲ್ಲಿ ಅರ್ಧವನ್ನು ಮನೆಯಲ್ಲಿಯೇ ಬಿಡಬಹುದು. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಬೆಲ್ಲ ಇವು ಬೆಂಕಿಯನ್ನು ಕೇಳದೆ ಹಸಿವನ್ನು ಕಳೆಯುವುವು. ಕುಡಿಯಲು ಮತ್ತು ಅಡಿಗೆಗೆ ತಲೆಗೆ ದಿನಕ್ಕೆ ನಾಲ್ಕು ಲೀಟರು ನೀರೆಂದು ಲೆಕ್ಕವಿಡುವುದು ಉಚಿತ. ಬಿಗಿಯಾಗಿ ಮುಚ್ಚಿದ ಪೊಟ್ಟಣಗಳು ಎತ್ತರದಲ್ಲಿ ಉಬ್ಬಿ ಒಡೆಯುವುದರಿಂದ ಎಣ್ಣೆಯನ್ನೂ ಉಪ್ಪಿನಕಾಯಿಯನ್ನೂ ತಿರುಗಣೆಯ ಮುಚ್ಚಳದ ಡಬ್ಬಿಯಲ್ಲಿ, ಬಾಯಿ ತುಂಬದಂತೆ ಹಾಕಬೇಕು.

ಪ್ರಾಣಕ್ಕೆ ಸಂಬಂಧಿಸಿದ ಎರಡು ಮಾತುಗಳನ್ನು ಒತ್ತಿ ಹೇಳುವೆವು. ಮೊದಲನೆಯದು, ಚಳಿಯೆಂದು ಮುಚ್ಚಿದ ಡೇರೆಯಲ್ಲಾಗಲಿ ಗಾಡಿಯಲ್ಲಾಗಲಿ ಒಲೆ ಉರಿಸಬಾರದು. ಎಂಜಿನ್ನನ್ನು ನಡೆಸುತ್ತ ನಿದ್ರಿಸಲೂ ಬಾರದು. ಅದರಿಂದ ಹೊರಡುವ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರನ್ನು ಮಲಗಿದಂತೆಯೇ ಕೊಂದುಬಿಡುವುದು. ಎರಡನೆಯದು, ಎತ್ತರದ ಕಾಯಿಲೆ. ಗಾಡಿಗೆ ಬಲವಿದೆಯೆಂದು ಒಂದೇ ದಿನದಲ್ಲಿ ಮೇಲೇರಿ ಮಲಗಿದರೆ ತಲೆನೋವು, ವಾಂತಿ, ಅನ್ನದ್ವೇಷಗಳು ತೋರುವುವು. ಹೀಗಾದವರು ಇನ್ನೂ ಮೇಲಕ್ಕೆ ಹೋಗದೆ ಅಲ್ಲಿಯೇ ವಿಶ್ರಮಿಸಬೇಕು. ಸುಮ್ಮನೆ ಕುಳಿತಾಗಲೂ ಏದುಸಿರು, ತೊದಲು ಮಾತು, ತೂರಾಡುವ ನಡಿಗೆ ಕಂಡರೆ ಬೆಳಗಾಗುವುದನ್ನು ಕಾಯದೆ ಕೆಳಕ್ಕಿಳಿಸಬೇಕು. ಕೈಯಲ್ಲಿರುವ ಆಮ್ಲಜನಕದ ಡಬ್ಬಿಯು ಇಳಿಯುವುದಕ್ಕೆ ಬದಲಾಗಲಾರದು. ಹೊರಡುವ ಮುನ್ನ ವೈದ್ಯರನ್ನು ಕಾಣುವುದು, ಏರುವುದಕ್ಕೆ ಒಂದೆರಡು ದಿನ ಹೆಚ್ಚು ಇಟ್ಟುಕೊಳ್ಳುವುದು, ಇವೂ ಗಾಡಿಯ ಸಜ್ಜಿನ ಭಾಗಗಳೇ.

ಪೆಟ್ರೋಲನ್ನು ಪ್ಲಾಸ್ಟಿಕ್ಕಿನ ಸೀಸೆಗಳಲ್ಲಿ ಒಯ್ಯುವುದು ಬೆಂಕಿಯನ್ನು ಮಡಿಲಲ್ಲಿ ಕಟ್ಟಿಕೊಂಡಂತೆ. ಅದಕ್ಕೆಂದೇ ಮಾಡಿದ ಲೋಹದ ಡಬ್ಬಿಯಲ್ಲಿ, ಮಕ್ಕಳು ಕೂರುವ ಕಡೆಯಿಂದ ದೂರ, ಅಗತ್ಯವಿದ್ದಷ್ಟನ್ನೇ ಇಡಬೇಕು. ಬೆಂಕಿಯನ್ನು ಆರಿಸುವ ಸಣ್ಣ ಸಾಧನವು ಚಾಲಕನ ಕೈಗೆ ಎಟುಕುವಂತಿರಲಿ. ಸಾಮಾನಿನ ತಳದಲ್ಲಿ ಹುದುಗಿದ್ದರೆ ಅದು ಇದ್ದೂ ಇಲ್ಲದಂತೆ.

ಇನ್ನೊಂದು ಕರ್ತವ್ಯವೂ ಇದೆ. ಎಲ್ಲಿಗಾದರೂ ಹೋಗಬಲ್ಲ ಗಾಡಿಯಿದ್ದ ಮಾತ್ರಕ್ಕೆ ಎಲ್ಲಿಗಾದರೂ ಹೋಗುವ ಹಕ್ಕು ಬಂದಂತಲ್ಲ. ಮಳೆ ಕಡಮೆಯಾದ ನಾಡಿನಲ್ಲಿ ಚಕ್ರದ ಗುರುತು ಎಷ್ಟೋ ವರ್ಷ ಮಾಯುವುದಿಲ್ಲ. ಲಡಾಖಿನ ಕೆರೆದಡಗಳ ಹಸುರು, ನಮ್ಮ ಪಶ್ಚಿಮಘಟ್ಟದ ಶೋಲೆಯ ಮೇಲಿನ ಹುಲ್ಲುಗಾವಲು ಇವು ಒಮ್ಮೆ ಉಳುವಂತೆ ತುಳಿಸಿಕೊಂಡರೆ ಮಳೆಯು ಆ ಗಾಲಿಜಾಡಿನಲ್ಲಿಯೇ ಹರಿದು ಕೊರಕಲಾಗುವುದು. ಇರುವ ಜಾಡನ್ನು ಬಿಟ್ಟು ಹೋಗದಿರುವುದೂ ತಂದ ಕಸವನ್ನು ಮರಳಿ ತರುವುದೂ ಅತಿಥಿಧರ್ಮ.

ಕಡೆಯದಾಗಿ ಒಂದು ಸೂಚನೆ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಬಾರದು. ದೂರದ ದಾರಿಗೆ ಹೊರಡುವ ಒಂದು ತಿಂಗಳ ಮುಂಚೆ, ಎಲ್ಲ ಸಾಮಾನನ್ನೂ ಹೇರಿ, ಮನೆಯವರೆಲ್ಲರೊಡನೆ ಹತ್ತಿರದ ಊರಿಗೆ ಹೋಗಿ ಎರಡು ರಾತ್ರಿ ಕಳೆದು ಬನ್ನಿ. ಗಾಡಿಯನ್ನು ತೂಕದ ಕಟ್ಟೆಯ ಮೇಲೆ ನಿಲ್ಲಿಸಿ ತೂಗಿಸಿ. ಮನೆಯೊಡತಿಯೂ ಬೆಳೆದ ಮಕ್ಕಳೂ ಚಕ್ರ ಬದಲಿಸುವುದನ್ನು ಕೈಯಾರೆ ಮಾಡಿ ಕಲಿಯಲಿ. ಚಾಲಕನೇ ಕಾಯಿಲೆಬಿದ್ದರೆ ಆ ವಿದ್ಯೆಯೇ ಎಲ್ಲರನ್ನೂ ಮನೆಗೆ ಮುಟ್ಟಿಸುವುದು. ಮರಳಿ ಬಂದ ಮೇಲೆ ಬಳಸಿದ ವಸ್ತುಗಳನ್ನು ಒಂದು ಕಡೆಯೂ ಬಳಸದವನ್ನು ಇನ್ನೊಂದು ಕಡೆಯೂ ಇಡಿ. ಔಷಧ, ಹಗ್ಗ, ಬೆಂಕಿಯಾರಿಸುವ ಸಾಧನ, ರಿಪೇರಿಯ ಉಪಕರಣ ಇಂತಹ ಆಪತ್ಕಾಲದವನ್ನು ಬಿಟ್ಟು, ಎರಡನೆಯ ರಾಶಿಯಲ್ಲಿರುವುದನ್ನೆಲ್ಲ ಅಟ್ಟಕ್ಕೇರಿಸಿ. ಹೀಗೆ ಹಗುರವಾದ ಗಾಡಿಯಲ್ಲಿ ಹೊರಟ ಕುಟುಂಬಕ್ಕೆ ದಾರಿಯು ಅರ್ಧ ಸವೆದಂತೆಯೇ ಸರಿ.